ಅದೇ ಬೆಟ್ಟ, ಮೂರನೇ ದಾರಿ

ಈ ವಸಂತದಲ್ಲಿ ಒಂದೇ ಬೆಟ್ಟವನ್ನು ಇವತ್ತಿಗೆ ಮೂರನೇ ಸಲ ಹತ್ತಿದೆ. ಮೂರು ಸಲವೂ ಬೇರೆ ಬೇರೆ ದಾರಿ. "ಅದೇ ಬೆಟ್ಟ ತಾನೇ, ಮತ್ತೆ ಮತ್ತೆ ಏನಿರುತ್ತೆ ಅಲ್ಲಿ?" ಅಂತ ಮನೆಯಲ್ಲಿ ಕೇಳ್ತಾರೆ. ತುದಿ ಅದೇ, ಒಪ್ಪಿದೆ. ಉಳಿದದ್ದೊಂದೂ ಅದೇ ಅಲ್ಲ.

ಮೊದಲ ಸಲ ಪೂರ್ವದ ಮಗ್ಗುಲಿಂದ ಹೊರಟಿದ್ದೆ. ಬೆನ್ನಿಗೆ ಬಿಸಿಲು, ಎಂಟು ಗಂಟೆಗೇ ಅಂಗಿ ಒದ್ದೆ. ಚಿಗುರೆಲ್ಲ ಆಗಲೇ ಬಲಿತು ಹಸಿರಾಗಿತ್ತು. ಎರಡನೆಯದು ಜಲ್ಲಿಕಲ್ಲಿನ ಕಡಿದಾದ ದಾರಿ, ಅದರ ಬಗ್ಗೆ ನನ್ನ ಮಂಡಿಯನ್ನೇ ಕೇಳಿ.

ಇವತ್ತು ಪಡುವಣದಿಂದ. ಬಹಳ ಹೊತ್ತು ಬೆಟ್ಟದ ನೆರಳಲ್ಲೇ ನಡಿಗೆ. ಬಂಡೆಯ ಪಾಚಿ ಇನ್ನೂ ತೇವ, ಎಳೆ ಎಲೆಗಳಿಗೆ ಇನ್ನೂ ತಾಮ್ರದ ಬಣ್ಣ. (ಆ ಕೆಂಪು ಆಂಥೋಸಯಾನಿನ್ ಎಂಬ ವರ್ಣದ್ರವ್ಯದ್ದು. ಹಸಿರು ತುಂಬುವವರೆಗೆ ಎಳೆಯೆಲೆಗೆ ಅದೇ ಕೊಡೆ ಅಂತಾರೆ.) ಕೆಳಗೆ ಉದುರಿ ಮುಗಿದಿದ್ದ ಹೂವು ಅರ್ಧ ದಾರಿಯಲ್ಲಿ ಅರಳಿ ನಿಂತಿತ್ತು, ಇನ್ನೂ ಮೇಲೆ ಬರೀ ಮೊಗ್ಗು. 1000 ಮೀಟರ್ ಏರಿದರೆ ಸುಮಾರು 6 ಡಿಗ್ರಿ ತಂಪು ಅನ್ನೋ ಲೆಕ್ಕ ಶಾಲೆಯಲ್ಲಿ ಓದಿದ್ದೆ. ಅದನ್ನು ಕಣ್ಣಾರೆ ಕಂಡದ್ದು ಇವತ್ತು. ವಸಂತವೂ ಕೆಳಗಿನಿಂದ ಮೇಲಕ್ಕೆ ನಡೆದೇ ಹೋಗುತ್ತೆ, ನನಗಿಂತ ನಿಧಾನವಾಗಿ. ಅದನ್ನು ಹಿಂದೆ ಹಾಕಿ ಹತ್ತಿದರೆ ಕಳೆದ ವಾರಗಳು ವಾಪಸ್ ಸಿಗುತ್ತವೆ!

ತುದಿಯಲ್ಲಿ ಕೂತು ನೋಡಿದರೆ ಉತ್ತರಕ್ಕೆ ಇನ್ನೊಂದು ಕಾಲುದಾರಿ, ಪೊದೆಯೊಳಗೆ ಅರ್ಧ ಮುಚ್ಚಿಹೋಗಿದೆ. ಮಂಡಿಗೆ ಇನ್ನೂ ಹೇಳಿಲ್ಲ.