ಕಾರವಾರದಿಂದ ಮಾರ್ಖಾ ಕಣಿವೆಗೆ: ಬೂಟಿಗಿಂತ ಮೊದಲು ರಕ್ತಪರೀಕ್ಷೆ

ಲಡಾಖಿನ ಮಾರ್ಖಾ ಕಣಿವೆಗೆ ಚಾರಣ ಹೋಗಿಬಂದೆವು ಅಂತ ಗೊತ್ತಾದ ಮೇಲೆ ಕಾರವಾರ, ಕುಮಟಾ, ಶಿರಸಿ ಕಡೆಯ ಪರಿಚಯದವರು ಫೋನ್ ಮಾಡಿ ಕೇಳುತ್ತಿರುವುದು ಹೆಚ್ಚುಕಮ್ಮಿ ಅದದೇ ಪ್ರಶ್ನೆಗಳನ್ನು. ಬೂಟು ಯಾವುದು ತಗೊಂಡಿರಿ, ಚಳಿ ಎಷ್ಟಿತ್ತು, ಎತ್ತರದ ಕಾಯಿಲೆ ಬರದಂತೆ ತಗೊಳ್ಳುವ ಡೈಮಾಕ್ಸ್ ಮಾತ್ರೆ ಬೇಕಾ. ಮೈಯಲ್ಲಿ ಕಬ್ಬಿಣದ ಅಂಶ ಎಷ್ಟಿರಬೇಕು ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ನಾನಾದರೆ ಅದರಿಂದಲೇ ಶುರುಮಾಡುತ್ತೇನೆ, ಅದೂ ಹೊರಡುವುದಕ್ಕೆ ಮೂರು ತಿಂಗಳು ಇರುವಾಗಲೇ. ಬೂಟನ್ನು ಹಿಂದಿನ ವಾರ ತಂದರೂ ನಡೆದೀತು (ಕಾಲು ಬೊಬ್ಬೆ ಬರುತ್ತದೆ, ಅಷ್ಟೇ). ಕಬ್ಬಿಣದ ಕೊರತೆ ಹಿಂದಿನ ವಾರ ಗೊತ್ತಾದರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ನಮ್ಮ ಗುಂಪಿನಲ್ಲಿ ಕಾರವಾರದವರು ಕೆಲವರು, ಶಿರಸಿ ಸೀಮೆಯವರು ಕೆಲವರು. ನಲವತ್ತು ದಾಟಿದ ಹೆಂಗಸರೇ ಜಾಸ್ತಿ. ಎಲ್ಲರೂ ಒಮ್ಮೆ ರಕ್ತ ಕೊಟ್ಟು ಬರೋಣ ಅಂತ ಹಟ ಹಿಡಿದದ್ದು ಗುಂಪಿನಲ್ಲಿದ್ದ ಒಬ್ಬ ನರ್ಸಕ್ಕ. ಸಿಬಿಸಿ (ರಕ್ತಕಣಗಳ ಎಣಿಕೆ) ಜೊತೆಗೆ ಸೀರಮ್ ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಪರೀಕ್ಷೆ) ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ, ಬರೀ ಹೀಮೋಗ್ಲೋಬಿನ್ ಸಾಲದು ಅಂದಳು. ಸಣ್ಣ ಊರಿನ ಲ್ಯಾಬುಗಳಲ್ಲಿ ಫೆರಿಟಿನ್‌ಗೆ ರಕ್ತ ತೆಗೆದು ಹೊರಗೆ ಕಳಿಸುತ್ತಾರೆ, ವರದಿ ಬರಲು ಒಂದೆರಡು ದಿನ ಹಿಡಿಯುತ್ತದೆ.

ನನ್ನ ವರದಿ ಬಂತು. ಹೀಮೋಗ್ಲೋಬಿನ್ 12.4. ಹೆಂಗಸರಿಗೆ 12ಕ್ಕಿಂತ, ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅನ್ನುವ ಲೆಕ್ಕದಲ್ಲಿ ನಾನು ಪಾಸು. ಅದೇ ಹಾಳೆಯ ಕೆಳಗಿನ ಸಾಲಿನಲ್ಲಿ ಫೆರಿಟಿನ್ 11. ಆರೋಗ್ಯವಂತ ವಯಸ್ಕರಲ್ಲಿ ಇದು 15ಕ್ಕಿಂತ ಕೆಳಗಿಳಿದರೆ ಕಬ್ಬಿಣದ ಸಂಗ್ರಹ ಮುಗಿದಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಡುಗೆಮನೆ ಡಬ್ಬಿಯಲ್ಲಿ ಇವತ್ತಿಗೆ ಅಕ್ಕಿ ಇದೆ, ಅಟ್ಟದ ಕಣಜ ಬರಿದು, ಅಂಥ ಸ್ಥಿತಿ. ಊರಲ್ಲಿದ್ದಾಗ ಇದು ಸುಲಭಕ್ಕೆ ತಿಳಿಯುವುದಿಲ್ಲ. ಮೆಟ್ಟಿಲು ಹತ್ತಿದರೆ ಸ್ವಲ್ಪ ಏದುಸಿರು, ಮಧ್ಯಾಹ್ನ ಸುಸ್ತು. ಸೆಕೆಗೆ, ವಯಸ್ಸಿಗೆ ಅಂತ ತಳ್ಳಿಬಿಡುತ್ತೇವೆ. ಇದು ನನ್ನೊಬ್ಬಳ ಕತೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ ಶೇ 57, ಕರ್ನಾಟಕದಲ್ಲಿ ಶೇ 48ರ ಹತ್ತಿರ ರಕ್ತಹೀನತೆ ಇದೆ. ಹೀಮೋಗ್ಲೋಬಿನ್ ಸರಿ ಇದ್ದೂ ಕಣಜ ಬರಿದಾದವರು ಆ ಲೆಕ್ಕಕ್ಕೆ ಬಂದೇ ಇಲ್ಲ.

ಇನ್ನೊಂದು ಮಾತು. ಜ್ವರ, ಸೋಂಕು, ಉರಿಯೂತ ಇರುವಾಗ ಫೆರಿಟಿನ್ ಸುಳ್ಳೇ ಏರಿ ಕಾಣಿಸುತ್ತದೆ. ಮಳೆಗಾಲದ ಜ್ವರ ಬಿಟ್ಟ ಮರುದಿನವೇ ಹೋಗಿ ಪರೀಕ್ಷೆ ಮಾಡಿಸಿ, 60 ಇದೆ ಅಂತ ನಿಶ್ಚಿಂತೆಯಿಂದ ಇರಬೇಡಿ. ಪೂರ್ತಿ ಗುಣವಾಗಿ ಕೆಲವು ವಾರ ಕಳೆಯಲಿ.

ಎತ್ತರಕ್ಕೂ ಕಬ್ಬಿಣಕ್ಕೂ ಏನು ಸಂಬಂಧ ಅಂದರೆ, ಗಾಳಿಯಲ್ಲಿ ಆಮ್ಲಜನಕದ ಪಾಲು ಕಾರವಾರದ ಕಡಲತೀರದಲ್ಲೂ ಲೇಹ್‌ನಲ್ಲೂ ಒಂದೇ, ಶೇ 21ರ ಹತ್ತಿರ. ಕಡಿಮೆಯಾಗುವುದು ಗಾಳಿಯ ಒತ್ತಡ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಅದು ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು. ಈ ಚಾರಣದಲ್ಲಿ ದಾಟುವ, 5,200 ಮೀಟರಿಗೂ ಮೇಲಿರುವ ಕೊಂಗ್ಮಾರು ಲಾ ಘಾಟಿಯಲ್ಲಿ ಅರ್ಧಕ್ಕಿಂತ ಚೂರು ಜಾಸ್ತಿ. ಆಮ್ಲಜನಕ ಸಾಲುತ್ತಿಲ್ಲ ಅಂತ ಗೊತ್ತಾದ ಕೆಲವೇ ಗಂಟೆಗಳಲ್ಲಿ ಕಿಡ್ನಿ ಎರಿತ್ರೋಪೊಯೆಟಿನ್ ಅನ್ನುವ ಹಾರ್ಮೋನನ್ನು ಹೆಚ್ಚಿಸುತ್ತದೆ. ಕೆಂಪುಕಣ ಜಾಸ್ತಿ ಮಾಡು ಅಂತ ಮೂಳೆಮಜ್ಜೆಗೆ ಅದು ಕೊಡುವ ಆಜ್ಞೆ. ಮಾಡಬೇಕಾದರೆ ಕಬ್ಬಿಣ ಬೇಕು. ಕಬ್ಬಿಣವನ್ನು ತಡೆದಿಡುವ ಹೆಪ್ಸಿಡಿನ್ ಎಂಬ ಇನ್ನೊಂದು ಹಾರ್ಮೋನು ಆಗ ಇಳಿಯುತ್ತದೆ, ಕರುಳು ಊಟದಿಂದ ಹೆಚ್ಚು ಕಬ್ಬಿಣ ಎಳೆದುಕೊಳ್ಳತೊಡಗುತ್ತದೆ. ಕಣಜವೇ ಬರಿದಾಗಿದ್ದರೆ ಆಜ್ಞೆ ಬಂದರೂ ಕೆಲಸ ಸಾಗುವುದಿಲ್ಲ. ಎತ್ತರದ ಶಿಬಿರಗಳಲ್ಲಿ ತಾಲೀಮು ಮಾಡುವ ಓಟಗಾರರಲ್ಲಿ ಇದನ್ನು ನೋಡಿದ್ದಾರೆ: ಫೆರಿಟಿನ್ ಕಡಿಮೆ ಇದ್ದವರಿಗೆ ವಾರಗಟ್ಟಲೆ ಮೇಲೆ ಇದ್ದರೂ ರಕ್ತ ಏರಲಿಲ್ಲ. ಹಾಗಾಗಿ ಕ್ರೀಡಾ ವೈದ್ಯರು ಶಿಬಿರಕ್ಕೆ ಮೊದಲೇ ಫೆರಿಟಿನ್ ನೋಡಿ, 30–35ರ ಕೆಳಗಿದ್ದರೆ ಮಾತ್ರೆ ಶುರುಮಾಡಿಸುವುದುಂಟು.

ಆದರೆ ನಮ್ಮಂಥವರ ಪ್ರವಾಸ ಓಟಗಾರರ ಶಿಬಿರದಷ್ಟು ಉದ್ದ ಇರುವುದಿಲ್ಲ. ಹೊಸ ಕೆಂಪುಕಣ ಲೆಕ್ಕಕ್ಕೆ ಬರುವಷ್ಟು ಹೆಚ್ಚಲು ವಾರಗಳು ಬೇಕು. ಲೇಹ್‌ಗೆ ಹೋದ ಎರಡನೇ ಮೂರನೇ ದಿನ ಹೀಮೋಗ್ಲೋಬಿನ್ ಏರಿದ್ದು ಕಂಡರೆ ಅದು ರಕ್ತದೊಳಗಿನ ನೀರು ಕಡಿಮೆಯಾಗಿ ದಪ್ಪಗಾದದ್ದರಿಂದ. ಮೊದಲ ವಾರ ನಿಮ್ಮನ್ನು ಕಾಪಾಡುವುದು ಹೆಚ್ಚಿದ ಉಸಿರಾಟ. ಆದ್ದರಿಂದ ನನ್ನ ಲೆಕ್ಕ ಇಷ್ಟು: ಅಲ್ಲಿ ಹೋಗಿ ರಕ್ತ ಮಾಡಿಕೊಳ್ಳುವ ಯೋಚನೆ ಬಿಡಿ, ಊರಿನಿಂದಲೇ ಮಾಡಿಕೊಂಡು ಹೋಗಿ. ಕಬ್ಬಿಣ ಬರೀ ರಕ್ತಕ್ಕೆ ಸೇರಿದ್ದಲ್ಲ, ಸ್ನಾಯುವಿನಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್‌ಗೂ ಶಕ್ತಿ ತಯಾರಿಸುವ ಕಿಣ್ವಗಳಿಗೂ ಬೇಕು. ರಕ್ತಹೀನತೆ ಇಲ್ಲದಿದ್ದರೂ ಫೆರಿಟಿನ್ ತಳಮುಟ್ಟಿದ್ದರೆ ಏರುದಾರಿಯಲ್ಲಿ ಕಾಲು ಬೇಗ ಸೋಲುತ್ತದೆ.

ಡಾಕ್ಟರು ನನಗೆ ಕೊಟ್ಟದ್ದು ಫೆರಸ್ ಆಸ್ಕಾರ್ಬೇಟ್ ಅನ್ನುವ ಕಬ್ಬಿಣದ ಮಾತ್ರೆ, ದಿನ ಬಿಟ್ಟು ದಿನ. ದಿನಾ ಬೇಡವಾ ಅಂತ ಕೇಳಿದ್ದಕ್ಕೆ, ಒಂದು ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಒಂದು ದಿನದ ಮಟ್ಟಿಗೆ ಏರಿರುತ್ತದೆ, ಮರುದಿನದ ಮಾತ್ರೆ ಅಷ್ಟಾಗಿ ಮೈಗೆ ಹತ್ತುವುದಿಲ್ಲ ಅಂದರು. ಹೊಟ್ಟೆಗೂ ಇದೇ ಹಿತ. ರಕ್ತಹೀನತೆ ಜೋರಾಗಿದ್ದವರಿಗೆ ದಿನಾ ಕೊಡಬಹುದು. ಅದು ಅವರವರ ಡಾಕ್ಟರಿಗೆ ಬಿಟ್ಟದ್ದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲಿಂಬು ಪಾನಕದ ಜೊತೆ ತಗೊಳ್ಳಿ, ಚಹಾ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ, ಗ್ಯಾಸಿನ ಗುಳಿಗೆ ಹತ್ತಿರ ಬರದಂತೆ ಒಂದೆರಡು ಗಂಟೆ ನೋಡಿಕೊಳ್ಳಿ. ಬೆಳಗಿನ ಜೋರು ನಡಿಗೆ ಇದ್ದರೆ ಮಾತ್ರೆ ಮೊದಲು ಅಥವಾ ಮುಗಿದ ಕೂಡಲೇ. ವ್ಯಾಯಾಮದ ಮೂರರಿಂದ ಆರು ಗಂಟೆ ನಂತರವೂ ಹೆಪ್ಸಿಡಿನ್ ಏರುತ್ತದೆ.

ಶಿರಸಿಯ ಅತ್ತಿಗೆಗೆ ಇದರಲ್ಲಿ ಕಷ್ಟವಾದದ್ದು ಒಂದೇ. “ಬೆಳಗಾಮುಂಚೆ ಚಾ ಬಿಡವು ಹೇಳಿರೆ ಎನ್ ಹತ್ರ ಆಗ್ತಿಲ್ಲೆ ತಂಗಿ” ಅಂದುಬಿಟ್ಟಳು. ಹಾಲು ಹಾಕಿದ ಕಷಾಯ ಕುಡಿಯಬಹುದಾ ಅಂತ ಚೌಕಾಸಿ ಬೇರೆ. ಕೊನೆಗೆ ಮಾತ್ರೆಯನ್ನು ರಾತ್ರಿ ಮಲಗುವ ಹೊತ್ತಿಗೆ ಹಾಕಿಕೊಂಡೆವು. ಬೆಳಿಗ್ಗೆಯಷ್ಟು ಒಳ್ಳೆಯದಲ್ಲ, ಬಿಟ್ಟುಬಿಡುವುದಕ್ಕಿಂತ ಸಾವಿರ ಪಾಲು ವಾಸಿ.

ಊಟದ ವಿಷಯದಲ್ಲಿ ಕಾರವಾರದವರಿಗೆ ಅನುಕೂಲ. ತಾರ್ಲೆ, ಬಂಗಡೆ, ಕಾಳಿ ಅಳಿವೆಯ ತಿಸರೆ, ಅಘನಾಶಿನಿಯ ಬಳಚು ಇವುಗಳಲ್ಲಿ ಕಬ್ಬಿಣವೂ ಇದೆ, ಬಿ12 ಕೂಡ ಇದೆ. ಮೀನು ಮಾಂಸದ ಕಬ್ಬಿಣ ಮೈಗೆ ಬೇಗ ಹತ್ತುತ್ತದೆ. ಹರಿವೆ, ಬಸಳೆ, ಹುರುಳಿ, ಎಳ್ಳು ತಿನ್ನುವವರು ಅದೇ ಊಟದಲ್ಲಿ ಲಿಂಬು, ನೆಲ್ಲಿಕಾಯಿ ಏನಾದರೂ ಹುಳಿ ಇಟ್ಟುಕೊಂಡರೆ ಲಾಭ. ನೆಲ್ಲಿ ತಂಬುಳಿಗೆ ಮಜ್ಜಿಗೆ ಸ್ವಲ್ಪ ಕಡಿಮೆ ಇರಲಿ. ಹಾಗಂತ 11 ಇದ್ದ ಫೆರಿಟಿನ್ ಬರೀ ಸೊಪ್ಪಿನಿಂದ ಮೂರು ತಿಂಗಳಲ್ಲಿ ಮೇಲೆ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ನಮ್ಮಲ್ಲಿ ಒಬ್ಬ ಭಾವನಿಗೆ ಫೆರಿಟಿನ್ 180. “ಇರಲಿ, ನಾನೂ ಒಂದು ಪಟ್ಟಿ ತಗೋತೆ” ಅಂತ ಹೊರಟಿದ್ದ. ಡಾಕ್ಟರು ಸುಮ್ಮನೆ ಕೂರಿಸಿದರು. ತುಂಬಿದವರಿಗೆ ಇನ್ನಷ್ಟು ಸುರಿದರೆ ಬೆಟ್ಟ ಹತ್ತುವ ತಾಕತ್ತು ಹೆಚ್ಚುವುದಿಲ್ಲ. ಮೈಯಿಂದ ಹೆಚ್ಚಿನ ಕಬ್ಬಿಣವನ್ನು ಹೊರಹಾಕುವ ದಾರಿಯೇ ಇಲ್ಲ, ಅದು ಲಿವರಿನಲ್ಲಿ ಕೂರುತ್ತದೆ. ಥಲಸ್ಸೀಮಿಯಾ (ವಂಶದಿಂದ ಬರುವ ರಕ್ತದ ಕಾಯಿಲೆ) ವಾಹಕರಲ್ಲಿ ಹೀಮೋಗ್ಲೋಬಿನ್ ಸ್ವಲ್ಪ ಕಡಿಮೆ ಇದ್ದೂ ಕಬ್ಬಿಣ ಸರಿಯಾಗೇ ಇರಬಹುದು. ಪರೀಕ್ಷೆ ಇಲ್ಲದೆ ಅಂಗಡಿಯಿಂದ ತಂದು ನುಂಗಬೇಡಿ.

ತಾಲೀಮಿಗೆ ನಮ್ಮ ಜಿಲ್ಲೆ ಚಿನ್ನ. ಸದಾಶಿವಗಡದ ಗುಡ್ಡ, ಗುಡ್ಡೇಹಳ್ಳಿ ಏರು, ಚೀಲಕ್ಕೆ ನೀರಿನ ಬಾಟಲಿ ತುಂಬಿ ಹತ್ತಿಳಿದರೆ ಸಾಕು. ಶಿರಸಿಯವರು ಮಳೆಯಲ್ಲಿ ಕಾಡು ಸುತ್ತಿದರು. ಡಾಕ್ಟರು ಕಷ್ಟಪಟ್ಟು ಏರಿಸಿದ ರಕ್ತವನ್ನು ಉಂಬಳ ಇಳಿಸಿತು ಅಂತ ಅತ್ತಿಗೆಯ ತಕರಾರು. ಆದರೆ ಶಿರಸಿಯೇ 600 ಮೀಟರಿನ ಹತ್ತಿರ, ಕಾರವಾರ ಸಮುದ್ರದ ಮಟ್ಟ. ಇಲ್ಲಿ ಎಷ್ಟು ನಡೆದರೂ ಎತ್ತರಕ್ಕೆ ಮೈ ಒಗ್ಗುವುದಿಲ್ಲ.

ಜುಲೈ–ಆಗಸ್ಟಿನಲ್ಲಿ ಹೊರಡುವವರು ಗೋವಾ ಮುಟ್ಟುವುದಕ್ಕೇ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಎಷ್ಟು ದಿನ ಬಂದಾಗಿತ್ತು ಅಂತ ಯಾರಿಗೂ ಮರೆತಿಲ್ಲ. ಮಡಗಾಂವ್‌ನಿಂದ ದೆಹಲಿಗೆ ರೈಲು, ಇಲ್ಲವೇ ಗೋವಾದಿಂದ ವಿಮಾನ. ದೆಹಲಿಯಿಂದ ನೇರ ಲೇಹ್‌ಗೆ ಹಾರಿದರೆ ಒಂದೂವರೆ ಗಂಟೆಯಲ್ಲಿ 3,500 ಮೀಟರ್. ಎರಡು ಪೂರ್ತಿ ದಿನ ಮಲಗುವುದು, ಕೂರುವುದು, ಅಷ್ಟೇ. ರಜೆ ಇದ್ದವರು ಶ್ರೀನಗರದಿಂದ ರಸ್ತೆಯಲ್ಲಿ ಹೋಗಿ ಸುಮಾರು 2,700 ಮೀಟರಿನ ಕಾರ್ಗಿಲ್‌ನಲ್ಲಿ ತಂಗುವುದು ಮೈಗೆ ಹಿತ. ಮನಾಲಿ ದಾರಿಯಲ್ಲಿ 4,000 ಮೀಟರಿಗೂ ಮೇಲಿನ ಸರ್ಚುವಿನಲ್ಲಿ ಮೊದಲ ರಾತ್ರಿ ಮಲಗುವ ಏರ್ಪಾಡು ನನಗೆ ಸರಿ ಕಾಣುವುದಿಲ್ಲ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ, ಗುಂಪಿನಲ್ಲಿ ಯಾರದ್ದಾದರೂ ಪೋಸ್ಟ್‌ಪೇಯ್ಡ್ ಇರಲಿ.

ಒಂದನ್ನು ಒತ್ತಿ ಹೇಳಬೇಕು. ಐರನ್ ಮಾತ್ರೆ ಎತ್ತರದ ಕಾಯಿಲೆಗೆ ಔಷಧ ಅಲ್ಲ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಸಮುದ್ರಮಟ್ಟದವರನ್ನು ಪೆರುವಿನ 4,340 ಮೀಟರ್ ಎತ್ತರದ ಸೆರ್ರೊ ದೆ ಪಾಸ್ಕೊಗೆ ಕರೆದೊಯ್ದು ನರಕ್ಕೆ ಕಬ್ಬಿಣ ಕೊಟ್ಟಾಗ, ಎತ್ತರದಿಂದ ಹೆಚ್ಚಿದ್ದ ಶ್ವಾಸಕೋಶದ ರಕ್ತದೊತ್ತಡದಲ್ಲಿ ಶೇ 40ರಷ್ಟು ಇಳಿದಿತ್ತು. ಕುತೂಹಲದ ವಿಷಯವೇ. ಅದು ಇಂಜೆಕ್ಷನ್, ಡಾಕ್ಟರುಗಳ ಕಣ್ಣೆದುರು ನಡೆದದ್ದು. ಚೀಲದಲ್ಲಿ ಗುಳಿಗೆ ಇದೆ ಅಂತ ಯಾರೂ ಅವಸರದಲ್ಲಿ ಏರಬಾರದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು ಅನ್ನುವ ನಿಯಮ ಕಬ್ಬಿಣ ತುಂಬಿದವರಿಗೂ ಅಷ್ಟೇ. ಮಾರ್ಖಾ ದಾರಿಯ ಹಂಕರ್ ಹಳ್ಳಿಯಿಂದ ನೇರ ಘಾಟಿಯ ಕೆಳಗಿನ ನಿಮಾಲಿಂಗಿಗೆ ಹೋದರೆ ಆ ಮಿತಿ ದಾಟುತ್ತದೆ. ನಡುವೆ ಥಚುಂಗ್ಸೆಯಲ್ಲಿ ಒಂದು ರಾತ್ರಿ ಡೇರೆ ಹಾಕಿಸಿ. ತಲೆನೋವು, ವಾಂತಿ ಬಂದರೆ ಅಲ್ಲೇ ನಿಲ್ಲಿ. ತೂರಾಡುತ್ತ ನಡೆದರೆ, ಕೂತಲ್ಲೂ ಉಸಿರು ಕಟ್ಟಿದರೆ ರಾತ್ರಿಯಾದರೂ ಕೆಳಗಿಳಿಸಿ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈಗ ಎಲ್ಲರ ಕೈಯಲ್ಲೂ ಇದೆ. ನಿಮಾಲಿಂಗಿನ ಡೇರೆಯಲ್ಲಿ ಅದನ್ನು ಕೈಯಿಂದ ಕೈಗೆ ದಾಟಿಸುತ್ತ ನಿನ್ನದೆಷ್ಟು ನನ್ನದೆಷ್ಟು ಅಂತ ಪಂಥ ನಡೆಯಿತು. ನರ್ಸಕ್ಕ ಆಗ ಹೇಳಿದ್ದು ನೆನಪಿಟ್ಟುಕೊಳ್ಳುವಂಥದ್ದು: 84 ಅಂದರೆ ನಿನ್ನಲ್ಲಿರುವ ಹೀಮೋಗ್ಲೋಬಿನ್‌ನಲ್ಲಿ ಶೇ 84 ಪಾಲು ಆಮ್ಲಜನಕ ಹೊತ್ತಿದೆ ಅಂತ, ಹೀಮೋಗ್ಲೋಬಿನ್ ಎಷ್ಟಿದೆ ಅಂತ ಅದು ಹೇಳುವುದಿಲ್ಲ. ಹೀಮೋಗ್ಲೋಬಿನ್ 9 ಇದ್ದವಳಿಗೂ 14 ಇದ್ದವಳಿಗೂ ಒಂದೇ ಅಂಕಿ ತೋರಿಸಬಹುದು, ಹೊತ್ತ ಆಮ್ಲಜನಕದಲ್ಲಿ ಅಜಗಜಾಂತರ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ಆ ಅಂಕಿಯೂ ತಪ್ಪುತ್ತದೆ.

ಮರುದಿನ ಕೊಂಗ್ಮಾರು ಲಾ ಏರಿನಲ್ಲಿ ನನ್ನ ಹೆಜ್ಜೆಗೊಂದು ಉಸಿರು. 180ರ ಭಾವನದೂ ಅದೇ ಗತಿ. 1,500 ಮೀಟರ್ ದಾಟಿದ ಮೇಲೆ ಪ್ರತಿ 100 ಮೀಟರಿಗೆ ದುಡಿಯುವ ತಾಕತ್ತು ಶೇ 1ರಷ್ಟು ಇಳಿಯುತ್ತದೆ ಅನ್ನುವುದು ಸ್ಥೂಲ ಲೆಕ್ಕ. ಅಷ್ಟು ಎತ್ತರದಲ್ಲಿ ಮೂರರಲ್ಲೊಂದು ಪಾಲು ಎಲ್ಲರಿಗೂ ಹೋಗಿರುತ್ತದೆ. ಹೊರಡುವ ಹೊತ್ತಿಗೆ ನನ್ನ ಫೆರಿಟಿನ್ ನಲವತ್ತರ ಗಡಿ ದಾಟಿತ್ತು. ಅದರಿಂದಲೇ ಹತ್ತಿದೆ ಅಂತ ಹೇಳಲಾರೆ. ಮೈಯಲ್ಲಿ ಮೊದಲೇ ಇದ್ದ ಕೊರತೆಯನ್ನು ಹೊತ್ತುಕೊಂಡು ಹತ್ತಲಿಲ್ಲ, ಅಷ್ಟು ಗೊತ್ತು.

ದಾರಿಯಲ್ಲಿ ಮಾತ್ರೆ ಮುಂದುವರಿಸುವವರಿಗೆ ಕೆಲವು ಮಾತು. ಹೋಂಸ್ಟೇಗಳಲ್ಲಿ ಕೂತ ಕೂಡಲೇ ಚಹಾ, ಇಲ್ಲವೇ ಉಪ್ಪು ಬೆಣ್ಣೆಯ ಗುರ್ಗುರ್ ಚಾ ಬರುತ್ತದೆ. ಬೇಡ ಅನ್ನಬೇಡಿ, ಮಾತ್ರೆಯ ಹೊತ್ತು ಬದಲಿಸಿ. ಲೇಹ್ ಪೇಟೆಯಲ್ಲಿ ಸೀಬಕ್‌ಥಾರ್ನ್ ಹಣ್ಣಿನ ರಸ ಸಿಗುತ್ತದೆ. ವಿಟಮಿನ್ ಸಿ ಧಂಡಿಯಾಗಿದೆ, ನಮ್ಮ ಲಿಂಬು ಪಾನಕದ ಕೆಲಸ ಅದೇ ಮಾಡುತ್ತದೆ. ಹುಳಿ ಮಾತ್ರ ಅಪ್ಪೆಮಿಡಿಗೆ ಸವಾಲು ಹಾಕುವಂಥದ್ದು. ಐರನ್‌ನಿಂದ ಮಲ ಕಪ್ಪಾಗುತ್ತದೆ, ಗಾಬರಿ ಬೇಡ. ಡಾಂಬರಿನ ಹಾಗೆ ಅಂಟಂಟಾಗಿ ದುರ್ವಾಸನೆ ಬಂದರೆ ಅದು ರಕ್ತಸ್ರಾವ ಇರಬಹುದು, ತೋರಿಸಿ. ಮಲಬದ್ಧತೆ ಆಗಿ ಒಣ ಪಾಯಖಾನೆಯಲ್ಲಿ ಚಳಿಗೆ ಕೂತು ಒದ್ದಾಡುವ ಬದಲು ನಡಿಗೆಯ ದಿನಗಳಲ್ಲಿ ಮಾತ್ರೆ ನಿಲ್ಲಿಸಿದರೂ ಕಣಜಕ್ಕೆ ನಷ್ಟವಿಲ್ಲ. ನಮ್ಮಲ್ಲಿ ಇಬ್ಬರು ಹಾಗೇ ಮಾಡಿದರು. ಮನೆ ಮಕ್ಕಳು ಚೀಲ ಜಾಲಾಡುವ ಹೋಂಸ್ಟೇಗಳಲ್ಲಿ ಮಾತ್ರೆ ಪಟ್ಟಿಯನ್ನು ಜಿಪ್ ಎಳೆದು ಒಳಜೇಬಿನಲ್ಲಿಡಿ. ಬಣ್ಣದ ಮಿಠಾಯಿ ಥರ ಕಾಣುತ್ತವೆ, ಸಣ್ಣ ಮಕ್ಕಳು ನಾಲ್ಕಾರು ನುಂಗಿದರೂ ಜೀವಕ್ಕೆ ಅಪಾಯ.