ನಮ್ಮದು ಎಲ್ಲಿದೆ?

ಜೆ.ಪಿ. ನಗರದಲ್ಲಿ ಸಮಕಾಲೀನ ನೃತ್ಯ ಪ್ರದರ್ಶನವೊಂದು ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ನಿಂತು, "ಚೆನ್ನಾಗಿತ್ತಮ್ಮ, ಆದರೆ ಇದರಲ್ಲಿ ನಮ್ಮ ಸಂಸ್ಕೃತಿ ಎಲ್ಲಿದೆ?" ಎಂದು ಕೇಳಿದರು. ಕಲಾವಿದೆ ನಕ್ಕು, "ಮಂಡಿಯಲ್ಲಿದೆ ಸರ್" ಎಂದಳು. ನಿಜ. ಭರತನಾಟ್ಯದ ಅರಮಂಡಿಯಲ್ಲಿ, ಅಂದರೆ ಮಂಡಿ ಬಾಗಿಸಿ ಅರ್ಧ ಕುಳಿತ ಭಂಗಿಯಲ್ಲಿ, ಇದ್ದವಳು ಮೇಲೇಳದೆ, ಒಂದು ಹಿಮ್ಮಡಿಯನ್ನು ಪಕ್ಕಕ್ಕೆ ಜಾರಿಸಿ, ಬೆನ್ನು ಸಡಿಲಿಸುತ್ತಾ ನೆಲಕ್ಕೆ ಇಳಿದಿದ್ದಳು. ಗೆಜ್ಜೆಯಿಲ್ಲದ ಪಾದ ಮಾತ್ರ ತಾಳ ಬಿಟ್ಟಿರಲಿಲ್ಲ.

'ನಮ್ಮದು' ಎಂದು ನಾವು ಕಾಪಾಡಲು ಹೊರಟಿರುವ ಭರತನಾಟ್ಯದ ರೂಪಕ್ಕೂ ವಸಾಹತು ಕಾಲದ ಕತ್ತರಿ ಬಿದ್ದಿದೆಯಲ್ಲ! ಬ್ರಿಟಿಷರ ನೈತಿಕತೆಯ ಗಾಳಿ, ನಮ್ಮವರದೇ ಸುಧಾರಣೆಯ ಹಟ ಎರಡೂ ಸೇರಿದ್ದ ಕಾಲದಲ್ಲಿ, 1909ರಲ್ಲಿ, ಮೈಸೂರು ಸಂಸ್ಥಾನ ದೇವಸ್ಥಾನಗಳಲ್ಲಿ ಹಾಡಿ ಕುಣಿಯುತ್ತಿದ್ದ ದೇವದಾಸಿಯರ ಸೇವೆಯನ್ನು ನಿಷೇಧಿಸಿತು. ಶೋಷಣೆ ಇತ್ತು, ಅದನ್ನು ಅಲ್ಲಗಳೆಯಲಾರೆ. ಆದರೆ ಮುಂದೆ ಕಲೆಗೆ ಸಭಾಂಗಣ ಸಿಕ್ಕಿತು, ಅದನ್ನು ತಲೆಮಾರುಗಳಿಂದ ಉಳಿಸಿದ್ದ ಬಹುಪಾಲು ಹೆಂಗಸರಿಗೆ ಬಾಗಿಲು ಮುಚ್ಚಿತು. ಕಡೂರು ಸೀಮೆಯ ತಾಂಡಾದಲ್ಲಿ, ಲಂಬಾಣಿ ಕುಟುಂಬದಲ್ಲಿ ಹುಟ್ಟಿ, ಹಿರಿಯ ನರ್ತಕಿ ಜಟ್ಟಿ ತಾಯಮ್ಮನವರಲ್ಲಿ ಕಲಿತು, ಮೈಸೂರು ಅರಮನೆಯ ಆಸ್ಥಾನ ಕಲಾವಿದೆಯಾದ ಕೆ. ವೆಂಕಟಲಕ್ಷಮ್ಮನವರ ಅಭಿನಯವನ್ನು ಹೊಗಳುವಾಗ ಆ ತಾಂಡಾದ ಹೆಸರನ್ನು ಎಷ್ಟು ಜನ ಎತ್ತುತ್ತೇವೆ?

ಹಾಗೆಂದು ಸಮಕಾಲೀನರೆಲ್ಲ ಬಂಧಮುಕ್ತರು ಎಂದೇನೂ ಅಲ್ಲ. ಬ್ಯಾಲೆಯ ಕಸರತ್ತಿನಿಂದಲೇ ತರಗತಿ ಶುರುಮಾಡಿ, ಕೊನೆಗೆ ಕೇರಳದ ಸಮರಕಲೆಯಾದ ಕಳರಿಪಯಟ್ಟನ್ನು ಒಂದಿಷ್ಟು ಉದುರಿಸುವವರೂ ಇದ್ದಾರೆ. ವಿದೇಶಿ ಉತ್ಸವದ ಅರ್ಜಿ ತುಂಬುವಾಗಲಂತೂ ಎಲ್ಲರಿಗೂ ದಿಢೀರನೆ ಅಜ್ಜಿ, ಹಳ್ಳಿ, ದೇವರಗುಡಿ ನೆನಪಾಗುತ್ತವೆ.