ಊರಿನ ಕೆಲಸಕ್ಕೊಂದು ಅರ್ಜಿ
ಪದವಿ ಮುಗಿಸಿದ ತಂಗಿ ನಿನ್ನೆ ರಾತ್ರಿ ನಗರಾಡಳಿತದ ಟ್ರೇನಿ ಹುದ್ದೆಗೆ ಅರ್ಜಿ ಹಾಕಿದಳು. ಪಕ್ಕದಲ್ಲೇ ಕೂತಿದ್ದೆ. ಎಷ್ಟೊಂದು ವಿಭಾಗಗಳು! ನೀರು, ಒಳಚರಂಡಿ, ಕಸ, ಬೀದಿದೀಪ, ಜನನ-ಮರಣ ನೋಂದಣಿ, ಕಟ್ಟಡ ಪರವಾನಗಿ. ಸಿವಿಲ್ ಓದಿದವರಿಗಷ್ಟೇ ಅಲ್ಲ, ಕಾಮರ್ಸ್, ಭೂಗೋಳ, ಸಮಾಜಶಾಸ್ತ್ರ ಓದಿದವರಿಗೂ ಜಾಗ ಇದೆ. ಮೊದಲು ಒಂದೊಂದು ವಿಭಾಗದಲ್ಲಿ ಕೆಲವು ತಿಂಗಳು ಕೆಲಸ ಕಲಿಸುತ್ತಾರಂತೆ. ಇದು ನನಗೆ ತುಂಬಾ ಹಿಡಿಸಿತು.

'ಈ ಕೆಲಸವೇ ಯಾಕೆ?' ಅಂತ ಒಂದು ಪ್ರಶ್ನೆ ಇತ್ತು. ಬರೆದಳು, ಅಳಿಸಿದಳು, ಮತ್ತೆ ಬರೆದಳು: 'ನಾನು ಸರಿಮಾಡಿಸಿದ ಬೀದಿದೀಪದ ಬೆಳಕಲ್ಲೇ ನಾನು ಮನೆಗೆ ನಡೆದು ಬರಬಹುದು.'

ಸಂಬಳ ದೊಡ್ಡ ಕಂಪನಿಗಳಷ್ಟು ಇರಲಿಕ್ಕಿಲ್ಲ. ಆದರೂ ಕಾಲೇಜಿನಲ್ಲಿ ನಮಗೆ ಯಾರೂ ಈ ದಾರಿ ತೋರಿಸಲೇ ಇಲ್ಲ, ಅಲ್ವಾ? ಅವಳ ಫೋನ್ ಸದ್ದಾದಾಗಲೆಲ್ಲ ಈಗ ನಾನೂ ಎದ್ದು ನೋಡುತ್ತಿದ್ದೇನೆ.